ಒಂದೇ ಸಾಲಿನ ಮಾವ

ನಮ್ಮ ಮಾವ ಮದುವೆ-ಮುಂಜಿಗಳ ಅಡುಗೆ ಕಂತ್ರಾಟು ಹಿಡಿಯುವವರು, ಆದರೆ ಜೀವಮಾನದಲ್ಲಿ ಒಂದು ಪಾವು ಅಕ್ಕಿ ಬೇಯಿಸಿದವರಲ್ಲ ಎಂದರೆ ನೀವು ನಂಬಬೇಕು. ಅವರು ಬೇಯಿಸುತ್ತಿದ್ದುದು ಬರೀ ಲೆಕ್ಕವನ್ನು, ಅದೂ ಕಂಪ್ಯೂಟರಿನಲ್ಲಿ!

ಮನೆ ಬಿಟ್ಟುಹೋದ ತಮ್ಮನನ್ನು ಹುಡುಕಿ ತರುತ್ತೇನೆಂದು ಮುಂಬೈಗೆ ಹೋದವರು, ಅಲ್ಲಿ ಯಾವುದೋ ಕಚೇರಿಯಲ್ಲಿ ಇಪ್ಪತ್ತು ವರ್ಷ ದುಡಿದು, ತಮ್ಮನ ಬದಲು ಒಂದು ಕಂಪ್ಯೂಟರ್ ಭಾಷೆಯನ್ನು ಹಿಡಿದುಕೊಂಡು ನಮ್ಮೂರು ಬೀಜಾಡಿಗೆ ಮರಳಿದರು. ಎಂಥ ಭಾಷೆ ಅಂತೀರಿ! ಅಕ್ಷರ ಕಡಿಮೆ, ಬಾಣ, ತ್ರಿಕೋನ, ಗೀರು ಹಾಕಿದ ಸೊನ್ನೆಗಳೇ ಹೆಚ್ಚು. ಅದರಲ್ಲಿ ಸಂಖ್ಯೆಗಳನ್ನು ಒಂದೊಂದಾಗಿ ಮಾತಾಡಿಸುವ ಪದ್ಧತಿಯಿಲ್ಲವಂತೆ. ಏನಿದ್ದರೂ ಪಂಕ್ತಿಗೆ ಬಡಿಸಿದ ಹಾಗೆ ಇಡೀ ಸಾಲಿಗೇ ಒಮ್ಮೆಗೆ! ಎಷ್ಟು ಜನ ಉಣ್ಣುತ್ತಾರೆಂದು ಹೇಳಿದರೆ ಸಾಕು, ಅಕ್ಕಿಯಿಂದ ಬಾಳೆಲೆಯವರೆಗೆ ಎಲ್ಲದರ ಪಟ್ಟಿ ಬರುತ್ತಿತ್ತು. ಇಷ್ಟಕ್ಕೂ ಮಾವ ಬರೆದದ್ದು ಒಂದೇ ಒಂದು ಸಾಲು. ಅದನ್ನು ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದರು. ನೆಂಟರು ಕಾಫಿ ಮುಗಿಯುವವರೆಗೆ ತಲೆಯಾಡಿಸುತ್ತಿದ್ದರು.

ಕುಂಭಾಶಿಯ ಮದುವೆಯಲ್ಲಿ ಮರ್ಯಾದೆ ಹೋಯಿತು. ಐದು ಬಗೆ ಅಡುಗೆ, ಐದು ಬಗೆ ಸಾಮಾನು. ಆಮೇಲೆ ಗೊತ್ತಾದದ್ದೇನೆಂದರೆ, ಮಾವ ಅವಸರದಲ್ಲಿ ಅಡ್ಡ ಸಾಲನ್ನು ಉದ್ದ ಸಾಲು ಮಾಡಿಬಿಟ್ಟಿದ್ದರು. ಎರಡೂ ಕಡೆ ಐದೇ ಇದ್ದುದರಿಂದ ಯಂತ್ರಕ್ಕೆ ಸಂಶಯವೇ ಬರಲಿಲ್ಲ. ಪಾಯಸಕ್ಕೆ ಹುಣಸೆಹಣ್ಣು, ಸಾರಿಗೆ ಹನ್ನೆರಡು ಕಿಲೋ ಬೆಲ್ಲ! ಅಡುಗೆಯ ಭಟ್ಟರು ಪಟ್ಟಿಯನ್ನು ಎರಡು ಸಲ ಓದಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಮಗೆ ಗೊತ್ತಿದ್ದಂತೆ ಅಡುಗೆ ಮಾಡಿದರು. ಊಟ ಹೇಗೋ ಬಚಾವಾಯಿತು. ತಪ್ಪೆಲ್ಲಿದೆಯೆಂದು ಮಾವ ತಾವೇ ಬರೆದ ಸಾಲನ್ನು ಮೂರು ದಿನ ಓದಿದರು. ಬರೆದವರಿಗೇ ಅರ್ಥವಾಗಲಿಲ್ಲ!

"ಕೊತ್ತಂಬ್ರಿ, ಜೀರ್ಗಿ, ಮೆಂತಿ ಎಲ್ಲ ಒಂದೇ ಡಬ್ಬಿಗ್ ಹಾಕಿ ಮುಚ್ರೆ, ಕಡಿಗ್ ಹುಡ್ಕುದ್ ಹ್ಯಾಂಗೆ?" ಎಂದು ಅತ್ತೆ ಒಗ್ಗರಣೆ ಹಾಕಿದರು. ಬಿಡಿಬಿಡಿಯಾಗಿ ಬರೆದು ಒಂದೊಂದಕ್ಕೂ ಹೆಸರಿಡಿ ಎಂದು ನಾನೂ ದನಿಗೂಡಿಸಿದೆ. ಮಾವ ಸುತರಾಂ ಒಪ್ಪಲಿಲ್ಲ.

ಆದರೆ ಕಣ್ಣಿನ ಪೊರೆ ಕೇಳಬೇಕಲ್ಲ! ಆಪರೇಷನ್ ನಿಗದಿಯಾಗಿ, ಕಿರಿಮಂಜೇಶ್ವರದ ಉಪನಯನದ ಪಟ್ಟಿ ನನ್ನ ತಲೆಗೆ ಬಂತು. ನನಗೆ ಓದಲು ಬರಬೇಕಾದರೆ ಆ ಸಾಲನ್ನು ಒಡೆಯದೆ ಬೇರೆ ದಾರಿಯಿರಲಿಲ್ಲ. ಇಬ್ಬರೂ ಕೂತು ತುಂಡು ಮಾಡಿ, ಅಕ್ಕಿ, ಬೆಲ್ಲ, ಎಲೆ ಎಂದು ಹೆಸರಿಡುತ್ತ ಹೋದೆವು. ಅಡ್ಡ-ಉದ್ದ ಸರಿಯಿದೆಯೇ ಎಂದು ತಪಾಸಣೆ ಮಾಡುವ ಹೊಸ ತುಂಡಿಗೆ ಅತ್ತೆಯ ಹೆಸರನ್ನೇ ಇಟ್ಟೆವು. ಮನೆಯಲ್ಲೂ ಆ ಕೆಲಸ ಅವರದೇ ತಾನೆ?

ಕೊನೆಗೆ ಒಂದು ಚೂರು ಉಳಿಯಿತು. ಊಟಕ್ಕೆ ಬರುವವರ ಸಂಖ್ಯೆಗೆ ಅದು ಸುಮ್ಮನೆ ಒಂದನ್ನು ಕೂಡಿಸುತ್ತಿತ್ತು. ಇನ್ನೊಂದು ತಪ್ಪು ಸಿಕ್ಕಿತೆಂಬ ಖುಷಿಯಲ್ಲಿ ನಾನು ಅಳಿಸಲು ಹೊರಟೆ. ಮಾವ ನನ್ನ ಕೈ ಹಿಡಿದರು.

"ಅದ್ ಇರ್ಲಿ, ಮಗಾ."

"ಹೆಸ್ರಿಲ್ದೆ ಹ್ಯಾಂಗ್ ಇಪ್ಪುದ್, ಮಾವ?"

ಅವರು ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ಕೀಲಿಗಳನ್ನು ತಡವಿ ತಡವಿ ತಾವೇ ಹೆಸರು ಹೊಡೆದರು: ಶೀನ. ಮುಂಬೈಯಲ್ಲಿ ಸಿಗದೇ ಹೋದ ತಮ್ಮನ ಹೆಸರು ಅದು. ಇಷ್ಟು ವರ್ಷ ಆ ಸಾಲನ್ನು ಒಡೆಯಲು ಬಿಡದಿದ್ದುದು ಯಾಕೆಂದು ಆಗ ನನಗೆ ಗೊತ್ತಾಯಿತು. ಅವರನ್ನು ನೋಡಿ ನಗುತ್ತಿದ್ದುದಕ್ಕೆ ನಾಚಿಕೆಯಾಯಿತು.

ಉಪನಯನದ ದಿನ ಕಡೆಯ ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚಿಗೆ ಉಳಿಯಿತು. ಭಟ್ಟರು ಎತ್ತಿಡಲು ಬಂದರು. ಬೇಡವೆಂದು ಹೇಳಿ, ಅದರ ತುದಿಗೆ ನಾನೇ ಉಪ್ಪು ಬಡಿಸಿದೆ.