ಅತ್ತಿಗೆಯ ಒಸಡು, ನನ್ನ ವಿಶಲ್

"ಅಮ್ಮಾ, ಪ್ರೇಮತ್ತೆ ವಿಶಲ್ ಊದ್ದಾಗೆಲ್ಲ ಒಂದು ಕಣ್ಣು ಯಾಕೆ ಮುಚ್ಕೋತಾರೆ?"

ಮಗಳ ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ನನ್ನ ಗಂಡನ ಅಕ್ಕ ಪ್ರೇಮಲತಾ ತುಮಕೂರು–ಗುಬ್ಬಿ ಬಸ್ಸಿನ ಕಂಡಕ್ಟರ್. ಅರೆತಲೆನೋವು ಬಂದ ದಿನ ಅವರೇ ಊದಿದ ವಿಶಲ್ ಅವರ ಎಡಗಣ್ಣಿಗೇ ಮೊಳೆ ಹೊಡೆಯುತ್ತದೆ. ಆದರೂ ಊದುತ್ತಾರೆ, ಟಿಕೆಟ್ ಕೊಡುತ್ತಾರೆ, ಸೀಟಿಗೆ ಜಗಳವಾಡುವವರನ್ನೂ ನಗಿಸುತ್ತಾರೆ! ಇಂಥ ಅತ್ತಿಗೆಯ ತಲೆನೋವನ್ನು ಓಡಿಸಲು ನಾನೊಬ್ಬಳೇ ಸಾಕು ಎಂದು ಡೈರಿಯಲ್ಲಿ ಬರೆದು, ಕೆಳಗೆ ಸಹಿಯನ್ನೂ ಹಾಕಿದೆ.

ಮೂರು ತಿಂಗಳು ಅವರ ತಲೆನೋವಿನ ತಾರೀಖು ಗುರುತು ಹಾಕಿದೆ. ಹಲ್ಲುಜ್ಜುವಾಗ ರಕ್ತ ಬರುತ್ತದೆ ಎಂದಿದ್ದನ್ನೂ ಬರೆದೆ. ಒಸಡಿನ ಕಾಯಿಲೆಗೂ ಅರೆತಲೆನೋವಿಗೂ ನಂಟಿರಬಹುದೆಂದು ಎಲ್ಲೋ ಓದಿದ್ದೇ ತಡ, ಅರ್ಧ ಡಾಕ್ಟರಾದೆ!

"ನಡೀರಿ ಅತ್ತಿಗೆ, ಬಟವಾಡಿಲಿ ಹಲ್ಲಿನ ಡಾಕ್ಟ್ರಿದಾರೆ. ಅರ್ಧ ಗಂಟೆ ಕೆಲ್ಸ."

"ಎರಡು ಗಂಟೆಗೆ ಡ್ಯೂಟಿ ಕಣೇ. ಇನ್ನೊಂದ್ ರಜಾ ಹಾಕಿದ್ರೆ ಈ ರೂಟ್ ಕಿತ್ಕೊಂಡು ದೂರದ ಗಾಡಿಗೆ ಹಾಕ್ತಾರೆ. ದಿನಾ ಮನೆ ಸೇರಕ್ಕಾಗಲ್ಲ."

"ನಾನಿದೀನಲ್ಲ!"

ಡಾಕ್ಟರ್ ಮುಬಶ್ಶಿರಾ ಇಂಜೆಕ್ಷನ್ ಕೊಟ್ಟು ಎಡಗಡೆಯ ಒಸಡು ಪೂರ್ತಿ ಶುಚಿ ಮಾಡಿದರು. "ನಂಟು ಇರಬಹುದು, ಖಾತ್ರಿ ಇಲ್ಲ. ತಲೆನೋವಿನ ಮಾತ್ರೆ ನಿಲ್ಲಿಸ್ಬೇಡಿ. ಒಸಡಿಗಂತೂ ಇದು ಬೇಕೇ ಬೇಕಿತ್ತು. ಮೂರು ಗಂಟೆ ತುಟಿ ಮರಗಟ್ಟಿರುತ್ತೆ."

ಮೂರು ಗಂಟೆ! ಅದೊಂದನ್ನು ನಾನು ಓದಿರಲಿಲ್ಲ.

ಗುಬ್ಬಿಯ ನಮ್ಮ ಮನೆಗೆ ಮರಳಲು ನಾನೂ ಮಗಳೂ ಅತ್ತಿಗೆಯ ಬಸ್ಸನ್ನೇ ಹತ್ತಿದೆವು. ಎರಡು ಗಂಟೆಗೆ ಅತ್ತಿಗೆ ವಿಶಲ್ ಊದಿದರು. ಫುಸ್! ಮತ್ತೊಮ್ಮೆ ಊದಿದರು. ಫುಸ್, ಜೊತೆಗೆ ಜೊಲ್ಲು.

ಡ್ರೈವರ್ ರಾಮಾಂಜಿನಯ್ಯ ಕತ್ತು ತಿರುಗಿಸಿದರು. "ಏನಮ್ಮೋ, ಹೋಗಾದಾ ಬ್ಯಾಡ್ವಾ? ವಿಶಲ್ ಇಲ್ದೆ ಗಾಡಿ ಬುಡಾಕಿಲ್ಲ!"

ನಾನು ವಿಶಲ್ ಇಸಿದುಕೊಂಡು, ವೇಲಿಗೆ ಒರೆಸಿ ಊದಿಯೇಬಿಟ್ಟೆ. ಎರಡು ಊದಿದರೆ ಹೊರಡು, ಒಂದು ಊದಿದರೆ ನಿಲ್ಲು. ಇದೇನು ಬ್ರಹ್ಮವಿದ್ಯೆಯೇ? ಅಷ್ಟು ದೊಡ್ಡ ಬಸ್ಸು ನನ್ನ ಉಸಿರಿನಿಂದ ಓಡುತ್ತಿದೆ ಎಂದು ಬೀಗಿದೆ. ಮಲ್ಲಸಂದ್ರ ಬಂತು. ಉತ್ಸಾಹದಲ್ಲಿ ಎರಡು ಊದಿದೆ. ನಿಲ್ಲಬೇಕಾದ ಬಸ್ಸು ಹಾರಿತು! ಗಾಬರಿಯಲ್ಲಿ ಇನ್ನೆರಡು ಊದಿದೆ!

ಇಳಿಯಲು ಮೂಟೆ ಹಿಡಿದು ನಿಂತಿದ್ದ ಅಜ್ಜನೊಬ್ಬ ಸಿಡಿದ: "ನಮ್ಮೂರು ಹಿಂದಕ್ಕೋಯ್ತು! ಡಿಪೋಗೆ ಫೋನ್ ಮಾಡ್ತೀನಿ ನೋಡು!"

ಅತ್ತಿಗೆಯ ರೂಟನ್ನು ನಾನೇ ಊದಿಬಿಟ್ಟೆನಲ್ಲ!

ಅತ್ತಿಗೆ ಮಾತ್ರ ಬಸ್ಸಿನ ತಗಡಿಗೆ ಅಂಗೈಯಿಂದ ಪಟಪಟ ಬಡಿದು ನಿಲ್ಲಿಸಿದರು. ಅಜ್ಜನ ಮೂಟೆ ಹೆಗಲಿಗೇರಿಸಿ ಇಳಿದರು. ಎದುರಿಗೆ ಬಂದ ಬಸ್ಸನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, ವಾಪಸ್ ಹೋಗಲು ಅಜ್ಜನನ್ನು ಹತ್ತಿಸಿ, ಕೈಮುಗಿದರು. "ಥಪ್ಪಾಯ್ಥು ಅಜ್ಜಾ."

ಅಜ್ಜ ಅವರ ಸೊಟ್ಟ ತುಟಿ ನೋಡಿದ. "ಹಲ್ ಕೀಳಿಸ್ಕೊಂಡು ಡ್ಯೂಟಿಗೆ ಬಂದಿದೀಯಾ ತಾಯಿ? ಬುಡು, ಫೋನೂ ಬ್ಯಾಡ ಗೀನೂ ಬ್ಯಾಡ!"

ಅಲ್ಲಿಂದ ಗುಬ್ಬಿಯವರೆಗೂ ಅತ್ತಿಗೆ ಅಂಗೈಯಲ್ಲೇ ಬಸ್ಸು ನಡೆಸಿದರು. ವಿಶಲ್ಲೇ ಬೇಕೆಂದಿದ್ದ ರಾಮಾಂಜಿನಯ್ಯ ಬಡಿತಕ್ಕೇ ಗಾಡಿ ಬಿಟ್ಟರು, ನಿಲ್ಲಿಸಿದರು. ನಾನು ಮಗಳನ್ನೆತ್ತಿಕೊಂಡು ಕಳ್ಳಿಯಂತೆ ಇಳಿಯುತ್ತಿದ್ದೆ. ಅತ್ತಿಗೆ ಕೈ ಹಿಡಿದು, ಮರಗಟ್ಟಿದ ತುಟಿಯಲ್ಲೇ ತೊದಲಿದರು.

"ಮುಂದಿನ ವಾರ ಬಲಗಡೆ ಕ್ಲೀನಿಂಗು. ನನ್ ರಜಾ ದಿನ ಹೋಗಣ, ನೀನೇ ಜೊತೆಗೆ ಬರ್ಬೇಕು."

ನನ್ನ ಕಣ್ಣು ತುಂಬಿತು. "ಬರ್ತೀನಿ ಅತ್ತಿಗೆ!"

"ಆದ್ರೆ ಒಂದು ಉಪಕಾರ ಮಾಡೇ. ರೈಲಲ್ಲಿ ಬಾ. ಹೆಂಗಸ್ರಿಗೆ ಬಸ್ಸು ಫ್ರೀ ಅಂತ ನಂಗೂ ಗೊತ್ತು. ರೈಲಿನ ಟಿಕೆಟ್ ದುಡ್ಡು ನಾನೇ ಕೊಡ್ತೀನಿ!"