‘ಬರ್ತೀವಿ’ ಎಂದರೆ ಹೊರಟೆವು ಎಂದರ್ಥ: ಕಾರಿನೊಳಗಿನ ದಾರಿಗಾರ್ತಿಯವರಿಗೆ ಒಂದು ಅಹವಾಲು

ಮಾನ್ಯರೇ,

ನಮ್ಮ ಕಾರಿನ ಮುಂಭಾಗದ ಅಂಗೈಯಗಲದ ಗಾಜಿನೊಳಗೆ ಸಂಸಾರ ಹೂಡಿರುವ, ಬಿಸಿಲಿಗೆ ಬಾಡದ, ದೂಳಿಗೆ ಕೆಮ್ಮದ, ನಾಲ್ಕು ದಿಕ್ಕುಗಳನ್ನೂ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿರುವ ದಾರಿಗಾರ್ತಿಯವರ ಸನ್ನಿಧಾನಕ್ಕೆ, ಪೇಟೆಯ ಹಿಂದಿನ ಬೀದಿಯಲ್ಲಿ ಹಾಸಿಗೆ ಹೊಲಿದು ಬದುಕುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಸುಸ್ತಾದವರು ನಾವು ಮಾತ್ರ. ತಮ್ಮೊಬ್ಬರ ಕಿವಿಯಲ್ಲಿ ಹೇಳಬಹುದಾಗಿದ್ದ ಈ ಅಹವಾಲನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಏಕೆಂದರೆ ಗುಟ್ಟಾಗಿ ಹೇಳಿದ ಮಾತನ್ನು ತಾವು ಏನು ಮಾಡುತ್ತೀರೆಂಬುದು ನನಗೆ ಈಗ ಚೆನ್ನಾಗಿ ಗೊತ್ತು.

ನಮ್ಮ ಮಗಳು ಎರಡು ರಾಜ್ಯಗಳಾಚೆಯ ಬಂದರು ಪಟ್ಟಣದ ಆಸ್ಪತ್ರೆಯಲ್ಲಿ ದಾದಿ. ಅವಳಿಗೆ ರಜೆ ಸಿಗುವ ಲಕ್ಷಣ ಕಾಣದ್ದರಿಂದ ನಾವೇ ಹೋಗಿ ನೋಡಿಕೊಂಡು ಬರುವುದೆಂದು ತೀರ್ಮಾನವಾಯಿತು. ಅಂಗಡಿಯಲ್ಲಿ ಮಾರಾಟವಾಗದೆ ಉಳಿದಿದ್ದ ಜೋಡಿ ಹಾಸಿಗೆಯ ಮೇಲೆ ನಾನು, ನನ್ನ ಹೆಂಡತಿ, ನನ್ನ ಅಮ್ಮ ಮೂವರೂ ಕಾಲು ಮಡಚಿ ಕುಳಿತು, ನಡುವೆ ಮೊಬೈಲಿನ ರೂಪದಲ್ಲಿ ತಮ್ಮನ್ನು ಕೂರಿಸಿ, ಪ್ರಯಾಣದ ಯೋಜನೆ ಹಾಕಿದ್ದು ತಮಗೆ ನೆನಪಿರಬಹುದು. ಹೆಂಡತಿಯ ಪಾಲಿಗೆ ನೋಟಗಳು, ಅಮ್ಮನ ಪಾಲಿಗೆ ನೆಂಟರು, ನನ್ನ ಪಾಲಿಗೆ ಸ್ಟೀರಿಂಗ್ ಎಂದು ಹಂಚಿಕೆಯಾಯಿತು. ಒಬ್ಬರು ಜಲಪಾತ ಸೇರಿಸಿದರೆ ಇನ್ನೊಬ್ಬರು ಸೋದರತ್ತೆಯನ್ನು ಸೇರಿಸಿದರು. ತಾವಾದರೋ ಪ್ರತಿಯೊಂದಕ್ಕೂ ಒಂದೇ ಸ್ವರದಲ್ಲಿ, ‘ಈ ನಿಲುಗಡೆಯನ್ನು ತೆಗೆದರೆ ಬೇಗ ತಲುಪುವಿರಿ’ ಎಂದು ಹೇಳುತ್ತಾ ಹೋದಿರಿ. ಅಷ್ಟು ಬೇಗ ತಲುಪುವ ಆಸೆಯಿದ್ದರೆ ಮನುಷ್ಯ ನೆಂಟರನ್ನು ಇಟ್ಟುಕೊಳ್ಳುವುದಾದರೂ ಏಕೆ ಎಂಬ ಪ್ರಶ್ನೆ ತಮ್ಮ ಗಾಜಿಗೆ ತಗುಲಲಿಲ್ಲ. ನನ್ನ ಭಾವನ ಮನೆಗೆ, ಎಂದರೆ ಹೆಂಡತಿಯ ಅಣ್ಣನ ಮನೆಗೆ, ತಾವು ಕೊಟ್ಟ ಅವಧಿ ಕಾಲು ಗಂಟೆ. ಆ ಮನೆಯಲ್ಲಿ ‘ಯಾಕೆ ಇಷ್ಟು ಇಳಿದು ಹೋಗಿದೀರಿ’ ಎಂಬ ವಿಚಾರಣೆ ಮುಗಿಯುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಮೊದಲನೆಯ ನೋಟದ ವಿಷಯಕ್ಕೆ ಬರುತ್ತೇನೆ. ‘ಸುಂದರ ನೋಟ’ ಎಂಬ ಸ್ಥಳ ಹೆದ್ದಾರಿಯಿಂದ ಸ್ವಲ್ಪವೇ ಒಳಗಿದೆಯೆಂದು ತಾವು ಹೇಳಿದ್ದನ್ನು ನಂಬಿ, ನನ್ನ ಹೆಂಡತಿ ಹಸಿರು ಬೆಟ್ಟಕ್ಕೆ ಒಪ್ಪುವ ಬಣ್ಣದ ಸೀರೆಯುಟ್ಟು ಸಿದ್ಧಳಾಗಿದ್ದಳು. ತಾವು ಸಂತೆಬೀದಿಯೊಂದರ ನಡುವೆ, ಲಾರಿಯ ಹಿಂದೆ ನಮ್ಮನ್ನು ನಿಲ್ಲಿಸಿ, ‘ತಲುಪಿದ್ದೀರಿ’ ಎಂದಿರಿ. ಎದುರಿಗಿದ್ದದ್ದು ಸುಂದರ ನೋಟ ಎಂಬ ಹೆಸರಿನ ಕನ್ನಡಕದ ಅಂಗಡಿ. ಬಂದದ್ದು ಬಂದೆವಲ್ಲ ಎಂದು ಅವಳು ಕಣ್ಣು ತೋರಿಸಿ ಕನ್ನಡಕ ಮಾಡಿಸಿಕೊಂಡಳು. ಹೊರಗೆ ಬಂದು ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ‘ಅಯ್ಯೋ, ನೀವು ಹೀಗಿದೀರಾ’ ಎಂದಳು. ಇಷ್ಟು ವರ್ಷ ಮಸುಕಾಗಿದ್ದದ್ದರಿಂದಲೇ ಸುಖವಾಗಿದ್ದ ನನ್ನ ದಾಂಪತ್ಯಕ್ಕೆ ತಾವು ಮಾಡಿದ ಈ ಉಪಕಾರವನ್ನು ನಾನು ಮರೆಯುವುದುಂಟೆ.

ಇನ್ನು ಭಾವನ ಮನೆ. ತಮ್ಮಲ್ಲಿ ಒಂದು ವಿಶೇಷ ಗುಣವಿದೆಯೆಂದು ಕಾರು ಮಾರಿದವರು ಹೊಗಳಿದ್ದರು: ಕಾರಿನ ಬಳಿ ಯಾರಾದರೂ ‘ಬರ್ತೀವಿ’ ಎಂದರೆ ಸಾಕು, ಹತ್ತಿರವಿರುವ ನೆಂಟರ ಮನೆಗೆ ತಾವೇ ಆ ಮಾತನ್ನು ಅವರದೇ ದನಿಯಲ್ಲಿ ಸಂದೇಶವಾಗಿ ಕಳಿಸಿ, ಅಲ್ಲಿಗೆ ದಾರಿಯನ್ನೂ ಹಾಕುತ್ತೀರಂತೆ. ಆದರೆ ನಮ್ಮ ಮಾತಿನಲ್ಲಿ ಹೊರಟು ನಿಂತವರು ‘ಹೋಗ್ತೀವಿ’ ಎನ್ನುವುದಿಲ್ಲ. ‘ಬರ್ತೀವಿ’ ಎಂದು ಹೇಳಿಯೇ ಹೋಗುತ್ತಾರೆ. ಹೋಗುತ್ತೇನೆ ಎಂದರೆ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಕೇಳಿಸುತ್ತದೆ. ಇದನ್ನು ತಮಗೆ ಕಲಿಸಿಕೊಟ್ಟವರು ಯಾರೂ ಇದ್ದಂತಿಲ್ಲ. ಊಟ ಮುಗಿಸಿ, ಕಾರಿನ ಬಾಗಿಲು ತೆರೆದಿಟ್ಟುಕೊಂಡು ನಾವು ಮೂವರೂ ಸರದಿಯಂತೆ ‘ಬರ್ತೀವಿ, ಬರ್ತೀವಿ’ ಎಂದದ್ದೇ ತಡ, ತಾವು ನಮ್ಮನ್ನು ಎಡಕ್ಕೆ, ಮತ್ತೆ ಎಡಕ್ಕೆ, ಇನ್ನೊಮ್ಮೆ ಎಡಕ್ಕೆ ತಿರುಗಿಸಿ ಅದೇ ಗೇಟಿನ ಮುಂದೆ ತಂದು ನಿಲ್ಲಿಸಿದಿರಿ. ಅಷ್ಟರಲ್ಲಿ ತಮ್ಮ ಸಂದೇಶವೂ ಮುಟ್ಟಿತ್ತು. ಆಗತಾನೇ ಪಾತ್ರೆ ತೊಳೆದು ಕಾಲು ಚಾಚಿದ್ದ ಭಾವನ ಹೆಂಡತಿ ಬಾಗಿಲಿಗೆ ಬಂದು, ನಗುವುದೋ ಅಳುವುದೋ ತಿಳಿಯದೆ, ‘ರಾತ್ರಿಗೂ ಇಲ್ಲೇನಾ’ ಎಂದರು. ಆ ತಾಯಿಯ ಮುಂದೆ ತಾವು ಖುದ್ದಾಗಿ ನಿಂತು ಕ್ಷಮೆ ಕೇಳಬೇಕೆಂಬುದು ನನ್ನ ಮೊದಲನೆಯ ಬೇಡಿಕೆ. ನಿಲ್ಲುವುದಕ್ಕೆ ಕಾಲಿಲ್ಲವೆಂಬ ನೆಪ ಬೇಡ.

ಈಗ ಹೇಳಲೇಬೇಕಾದ ಮಾತು. ನಮ್ಮ ದಾರಿಯಲ್ಲೇ ಚಿಕ್ಕಮ್ಮನ ಊರಿತ್ತು. ಚಿಕ್ಕಮ್ಮ ಎಂದರೆ ಅಮ್ಮನ ಒಬ್ಬಳೇ ತಂಗಿ. ನನ್ನ ಮಗಳಿನ್ನೂ ಶಾಲೆಯಲ್ಲಿದ್ದಾಗ ಅಮ್ಮ ಕೈಯಾರೆ ಹತ್ತಿ ಬಿಡಿಸಿ, ತುಂಬಿ, ಹೊಲಿದು ತಂಗಿಗೊಂದು ಹಾಸಿಗೆ ಒಯ್ದು ಕೊಟ್ಟಿದ್ದರು. ಮುಂದಿನ ಸಲ ಹೋದಾಗ ಆ ಹಾಸಿಗೆ ಹಿತ್ತಿಲಿನ ಕೊಟ್ಟಿಗೆಯ ಗೋಡೆಯ ಮೇಲೆ ಬಿದ್ದುಕೊಂಡಿತ್ತು. ಒಣಹಾಕಿದ್ದೆಂದು ತಂಗಿ, ಬಿಸಾಕಿದ್ದೆಂದು ಅಕ್ಕ. ಮಾತಿಗೆ ಮಾತು ಬೆಳೆದು, ಅಮ್ಮ ಚಪ್ಪಲಿ ಮೆಟ್ಟಿ, ಹೊಸ್ತಿಲಾಚೆ ನಿಂತು, ಸ್ಪಷ್ಟವಾಗಿ ‘ಹೋಗ್ತೀನಿ’ ಎಂದರು. ಅಂದಿನಿಂದ ಹೋಗಲಿಲ್ಲ. ಚಿಕ್ಕಮ್ಮನಿಗೆ ಈಗ ಮಂಡಿ ಹಿಡಿದು ಮನೆಯಿಂದ ಹೊರಗೆ ಕಾಲಿಡಲಾಗುವುದಿಲ್ಲ. ಹೋಗುವುದಿದ್ದರೆ ಅಮ್ಮನೇ ಹೋಗಬೇಕು. ಇಬ್ಬರಿಗೂ ವಯಸ್ಸಾಗುತ್ತಿದೆ. ಹೀಗಾಗಿ ನಾನೂ ನನ್ನ ಹೆಂಡತಿಯೂ ಅಮ್ಮ ನಿದ್ದೆ ಹೋದ ಮಧ್ಯಾಹ್ನವೊಂದರಲ್ಲಿ ಚಿಕ್ಕಮ್ಮನ ವಿಳಾಸವನ್ನೂ ಫೋನ್ ನಂಬರನ್ನೂ ತಮ್ಮ ಹೊಟ್ಟೆಗೆ ಹಾಕಿದೆವು. ಕೆರೆ ನೋಡೋಣ ಎಂದು ಇಳಿಸುವುದು, ಆಮೇಲೆ ದೇವರು ಮಾಡಿದ ಹಾಗೆ ಎಂಬುದು ನಮ್ಮ ಉಪಾಯ. ಹೆಸರಿನ ಜಾಗದಲ್ಲಿ ಹೆಂಡತಿ ನನಗೆ ಎಚ್ಚರಿಕೆಯಾಗಿರಲೆಂದು ‘ಚಿಕ್ಕಮ್ಮ ಅಮ್ಮನಿಗೆ ಹೇಳಬೇಡಿ’ ಎಂದು ಬರೆದಿಟ್ಟಳು.

ತಾವು ಹೇಳಿದಿರಿ. ಕಾರಿನಲ್ಲಿ ಗಾಳಿಯ ಸದ್ದೂ ಇಲ್ಲದ ಹೊತ್ತು ನೋಡಿ, ವಾರ್ತೆ ಓದುವವರ ಗಾಂಭೀರ್ಯದಿಂದ, ‘ಮುಂದೆ ಎಡಕ್ಕೆ ತಿರುಗಿ, ಚಿಕ್ಕಮ್ಮ ಅಮ್ಮನಿಗೆ ಹೇಳಬೇಡಿ’ ಎಂದಿರಿ. ಕೇಳಿಸಲಿಲ್ಲವೇನೋ ಎಂಬ ಕಾಳಜಿಯಿಂದ ಮತ್ತೊಮ್ಮೆ ಹೇಳಿದಿರಿ. ಹಿಂದಿನ ಸೀಟಿನಿಂದ ಅಮ್ಮ, ‘ಏನು ಹೇಳಬಾರದಂತೋ ನಂಗೆ’ ಎಂದರು. ನನ್ನ ಬಾಯಿಗೆ ಅಂಗಡಿಯ ಹತ್ತಿಯೆಲ್ಲ ತುಂಬಿದಂತಾಯಿತು. ‘ನೇರ ಹೋಗು’ ಎಂದು ಅವರು ಅಪ್ಪಣೆ ಕೊಟ್ಟರು, ನಾನು ಹೋದೆ.

ತಾವು ಬಿಡಬೇಕಲ್ಲ. ಮುಂದಿನ ತಿರುವಿನಲ್ಲಿ ಹಿಂದಕ್ಕೆ ತಿರುಗಿ ಎಂದಿರಿ, ಅದರ ಮುಂದಿನದರಲ್ಲೂ ಎಂದಿರಿ, ತಿರುವೇ ಇಲ್ಲದ ಕಡೆಯಲ್ಲೂ ಎಂದಿರಿ. ತಾವು ಯಾವುದೋ ಕಚೇರಿಯಲ್ಲಿ ಕುಳಿತ ಹೆಣ್ಣುಮಗಳೆಂದೇ ಅಮ್ಮನ ನಂಬಿಕೆ. ಬೆಳಗಿನಿಂದ ಮಾತಾಡುತ್ತಲೇ ಇದ್ದಾಳೆ, ಹೊಟ್ಟೆಗೇನಾದರೂ ಹಾಕಿದಳೋ ಇಲ್ಲವೋ ಎಂದು ಅದುವರೆಗೆ ತಮ್ಮ ಪರವಾಗಿ ಮರುಗುತ್ತಿದ್ದವರು, ಕೊನೆಗೆ ತಲೆ ಚಿಟ್ಟು ಹಿಡಿದು, ಮುಂದಕ್ಕೆ ಬಾಗಿ, ತಮ್ಮನ್ನು ಮರ್ಯಾದೆಯಿಂದ ಬೀಳ್ಕೊಡುವ ಉದ್ದೇಶದಿಂದ, ‘ಸಾಕು ಮಗಳೇ, ಬಾಯಿ ನೋಯುತ್ತೆ, ಬರ್ತೀನಿ’ ಎಂದರು.

ತಾವು ಒಡನೆಯೇ ‘ಸಂದೇಶ ಕಳಿಸಲಾಗಿದೆ’ ಎಂದಿರಿ.

ಸ್ವಲ್ಪ ದೂರ ಹೋದ ಮೇಲೆ ತಾವೇ ಅದೇ ಸಪ್ಪೆ ದನಿಯಲ್ಲಿ ಓದಿದಿರಿ: ‘ಚಿಕ್ಕಮ್ಮ ಅಮ್ಮನಿಗೆ ಹೇಳಬೇಡಿ ಅವರಿಂದ ಉತ್ತರ. ಅಕ್ಕ, ನಿಜವಾಗ್ಲೂ ಬರ್ತೀಯಾ.’ ನಾನು ಕನ್ನಡಿಯಲ್ಲಿ ನೋಡಲಿಲ್ಲ. ಹೊಸ ಕನ್ನಡಕದವಳು ನೋಡಿದಳು, ಆದರೆ ಕಂಡದ್ದನ್ನು ಇವತ್ತಿನವರೆಗೂ ನನಗೆ ಹೇಳಿಲ್ಲ. ಕೊನೆಗೆ ಅಮ್ಮ, ‘ನಾನು ಅಂದಿದ್ದು ಆ ಹುಡುಗಿಗೆ. ಆದ್ರೂ ಅಂದಾಯ್ತಲ್ಲ. ತಿರುಗಿಸು’ ಎಂದರು.

ಇಲ್ಲಿಂದ ನನ್ನ ದೂರು ಆರಂಭವಾಗುತ್ತದೆ. ಎಷ್ಟೋ ವರ್ಷಗಳಿಂದ ಜೋಪಾನ ಮಾಡಿಕೊಂಡು ಬಂದಿದ್ದ, ನಾಲ್ಕು ಮದುವೆಗಳಲ್ಲಿ ಹಿರಿಯರು ಕೈಮುಗಿದರೂ ಅಲುಗದಿದ್ದ ನಮ್ಮ ಮನೆತನದ ಗಟ್ಟಿ ಮನಸ್ತಾಪವನ್ನು, ನೆಂಟರಿಲ್ಲದ, ಇಷ್ಟರಿಲ್ಲದ, ‘ಬರ್ತೀನಿ’ ಎಂದರೆ ಬರುವುದೆಂದೇ ತಿಳಿಯುವ ತಾವು ಒಂದು ಸಂದೇಶದಲ್ಲಿ ಹಾಳು ಮಾಡಿದಿರಿ. ಹೊಸ್ತಿಲು ದಾಟಿದ ಅಮ್ಮ ತಂಗಿಯ ಮುಖ ನೋಡುವ ಮೊದಲು ಅವಳ ಮಂಚದ ಹಾಸಿಗೆಯನ್ನು ಬೆರಳಿನಿಂದ ಒತ್ತಿದರು. ಅದೇ ಹಾಸಿಗೆ. ‘ಗಂಟು ಕಟ್ಟಿದೆಯಲ್ಲೇ, ಇದರ ಮೇಲೆ ಹೆಂಗೆ ಮಲಗ್ತೀಯ’ ಎಂದರೆ, ಚಿಕ್ಕಮ್ಮ, ‘ನೀನು ಬಂದು ಬಿಡಿಸಿಕೊಡ್ತೀಯ ಅಂತ ಇಷ್ಟು ವರ್ಷ ಸೊಂಟ ನೋಯಿಸ್ಕೊಂಡು ಮಲಗಿದೀನಿ’ ಎಂದರು. ಅಲ್ಲಿಂದ ಶುರುವಾದ ಜಗಳ ಈ ಪತ್ರ ಬರೆಯುವ ಹೊತ್ತಿಗೂ ಮುಗಿದಿಲ್ಲ. ನಾವಿಬ್ಬರೇ ಮಗಳನ್ನು ನೋಡಿಕೊಂಡು ವಾಪಸು ಬರುವಾಗ ಕರೆದುಕೊಂಡು ಹೋಗಲು ನಿಂತರೆ, ಅಮ್ಮ ಮೈಮೇಲೆಲ್ಲ ಹತ್ತಿ ಅಂಟಿಸಿಕೊಂಡು ಬಂದು, ಹಾಸಿಗೆ ಮುಗಿಯುವವರೆಗೆ ಎಲ್ಲಿಗೂ ಇಲ್ಲ ಎಂದರು. ಹಗಲು ಅವರು ಹೊಲಿದದ್ದನ್ನು ರಾತ್ರಿ ಚಿಕ್ಕಮ್ಮ ಬಿಚ್ಚಿಡುತ್ತಿದ್ದಾರೆಂದು ನನಗೆ ಬಲವಾದ ಅನುಮಾನ.

ಆದ್ದರಿಂದ ತಾವು ದಯಮಾಡಿ ನಮ್ಮ ಮನಸ್ತಾಪವನ್ನು ಇದ್ದ ಸ್ಥಿತಿಯಲ್ಲಿ ಹಿಂದಿರುಗಿಸಬೇಕು, ಇಲ್ಲವೇ ಆ ಮನೆಯ ಹಿತ್ತಿಲಲ್ಲಿ ಕುಳಿತು, ಹಾಸಿಗೆ ಅಂದು ಒಣಹಾಕಿದ್ದೋ ಬಿಸಾಕಿದ್ದೋ ಎಂದು ತೀರ್ಪು ಕೊಟ್ಟು, ನನ್ನ ಅಂಗಡಿಯ ಅತ್ಯುತ್ತಮ ಹೊಲಿಗೆಗಾರ್ತಿಯನ್ನು ಮನೆಗೆ ಮುಟ್ಟಿಸಬೇಕು. ಎರಡೂ ಸಾಧ್ಯವಾಗದಿದ್ದರೆ ಕನಿಷ್ಠ ಪಕ್ಷ ಕನ್ನಡ ಕಲಿಯದೆ ಹೀಗೇ ಇದ್ದುಬಿಡಬೇಕೆಂದು ಪ್ರಾರ್ಥನೆ. ನಮ್ಮ ಬಳಗದಲ್ಲಿ ಮಾತು ಬಿಟ್ಟ ಮನೆಗಳು ಇನ್ನೂ ಎರಡು ಮೂರಿವೆ.

ಬೇರೆ ದಾರಿಯಿಲ್ಲದ್ದರಿಂದ,
ತಮ್ಮ ವಿಶ್ವಾಸಿ,
ಹಾಸಿಗೆ ಅಂಗಡಿಯವನು

ಮರೆತ ಮಾತು: ಚಿಕ್ಕಮ್ಮನ ಮನೆಯಿಂದ ಹೊರಡುವಾಗ ನಾವು ಅಭ್ಯಾಸಬಲದಿಂದ ‘ಬರ್ತೀವಿ’ ಎಂದೆವು, ತಾವು ಎಂದಿನಂತೆ ಅದೇ ಮನೆಗೆ ದಾರಿ ಹಾಕಿಟ್ಟಿರಿ. ಅದನ್ನು ನಾನು ಅಳಿಸಿಲ್ಲ; ಸೋಮಾರಿತನವೇ ಹೊರತು ತಮ್ಮ ಮೇಲಿನ ಪ್ರೀತಿಯೆಂದು ಉಬ್ಬಬಾರದು. ಹೆಂಡತಿ ಮಾತ್ರ ಆ ವಿಳಾಸದ ಹೆಸರು ಬದಲಾಯಿಸಿದ್ದಾಳೆ. ಇನ್ನು ಮುಂದೆ ಆ ತಿರುವು ಬಂದಾಗ ತಾವು ‘ಚಿಕ್ಕಮ್ಮ ಅಮ್ಮ ಇಲ್ಲೇ ಇದ್ದಾರೆ’ ಎಂದು ಹೇಳತಕ್ಕದ್ದು, ಮತ್ತು ಈ ಮಾತನ್ನಾದರೂ ಊರಿಗೆಲ್ಲ ಕೇಳುವಂತೆ ಹೇಳತಕ್ಕದ್ದು.