ಮೇಸ್ತ್ರಿ ರೆನಿಯೆಯ ಎಡಗೆನ್ನೆ

ಮೇಸ್ತ್ರಿ ರೆನಿಯೆ ಬೆಳಿಗ್ಗೆ ಎದ್ದಾಗ ಅವನ ಎಡಗೆನ್ನೆ ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬಿತ್ತು. ಹಲ್ಲುನೋವು ಯಾರಿಗೆ ಬರುವುದಿಲ್ಲ? ಆದರೆ ಬಂದ ದಿನ ಕೆಟ್ಟದ್ದು.

ಮೂವತ್ತು ವರ್ಷದಿಂದ ಅವನು ಊರಿನ ಮಹಾ ಇಗರ್ಜಿಯನ್ನು, ಆ ದೊಡ್ಡ ಚರ್ಚನ್ನು, ಕಟ್ಟುತ್ತಿದ್ದ. ಒಂದು ದಾರ, ಒಂದು ಕೈವಾರ, ಇಷ್ಟರಲ್ಲೇ ಗುಡ್ಡದಷ್ಟು ಕಲ್ಲನ್ನು ನೂರಿಪ್ಪತ್ತು ಅಡಿ ಎತ್ತರದಲ್ಲಿ ಕಮಾನಾಗಿ ನಿಲ್ಲಿಸಿದ್ದ. ಗೋಡೆ ಇರಬೇಕಾದ ಕಡೆ ಬಣ್ಣದ ಗಾಜಿಟ್ಟು ಬೆಳಕನ್ನೇ ಒಳಗೆ ಕರೆತಂದಿದ್ದ. ನಮ್ಮ ಪಿಕಾರ್ಡಿ ಸೀಮೆಯಲ್ಲಿ ಅಂಥವನು ಇನ್ನೊಬ್ಬ ಹುಟ್ಟಿಲ್ಲ. ಇಷ್ಟಕ್ಕೆಲ್ಲ ಅವನು ಬೇಡಿದ್ದು ಬಾಗಿಲ ಪಕ್ಕದ ಕಂಬದಲ್ಲಿ ತನ್ನದೊಂದು ಕಲ್ಲಿನ ಮುಖ. ಸತ್ತ ಮೇಲೂ ಜನ "ಕಟ್ಟಿದವನು ಇವನೇ" ಎಂದು ಬೆರಳು ತೋರಿಸಬೇಕು. ಹಿರಿಯ ಪಾದ್ರಿ ಒಲ್ಲದ ಮನಸ್ಸಿನಿಂದ ಒಪ್ಪಿದ್ದರು. ನಾಳೆ ಬಿಷಪ್ ಬರುವವರಿದ್ದರು. ಸಂಜೆಯೊಳಗೆ ಕಲ್ಲು ಕಂಬಕ್ಕೆ ಕೂರಬೇಕಿತ್ತು. ಹಣೆ, ಮೂಗು ಮುಗಿದಿದ್ದವು. ಕೆನ್ನೆ, ಬಾಯಿ ಬಾಕಿ.

"ವಿಬೇರ್, ನಿನ್ನೆ ಇದ್ದ ಕೆನ್ನೆ ಕೆತ್ತಪ್ಪಾ," ಎಂದು ಅವನು ಶಿಲ್ಪಿಯ ಮುಂದೆ ಗೋಗರೆದ.

"'ಕಂಡದ್ದನ್ನ ಕೆತ್ತು, ಊಹೆ ಮಾಡಿದ್ರೆ ಉಳಿ ಕಸ್ಕೋತೀನಿ' ಅಂತ ಇಪ್ಪತ್ತು ವರ್ಷ ಬೈದೋರು ಯಾರು ಮೇಸ್ತ್ರಿಗಳೇ? ಹತ್ತು ಗಂಟೆ ಹೊಡೆಯೋದ್ರೊಳಗೆ ಊತ ಇಳಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಈಗ ಕಂಡದ್ದೇ ಕಲ್ಲಿಗೆ."

ರೊಟ್ಟಿ ಸುಡುವ ಓಡೆಲಿನ್ ದಾರಿಯಲ್ಲೇ ಅವನನ್ನು ಹಿಡಿದಳು. "ಅಯ್ಯೋ, ಇದೇನು ಗತಿ! ಬನ್ನಿ, ಬಿಸಿ ತೌಡು ಕಟ್ತೀನಿ." ಕಟ್ಟಿದಳು. ಹಿಟ್ಟಿನಂತಿದ್ದ ಕೆನ್ನೆ ಈಗ ಬೆಂದು ರೊಟ್ಟಿಯಾಯಿತು.

ಬಡಗಿ ಗೋತಿಯೆ ಅದನ್ನು ನೋಡಿ ನಕ್ಕ. "ತೌಡಿಗೆ ಹಲ್ಲು ಹೆದರುತ್ತಾ? ಕಲ್ಲೆತ್ತೋ ರಾಟೆ ಇದೆಯಲ್ಲ, ನೀವೇ ಮಾಡಿಸಿದ್ದು! ಮೂವತ್ತು ಮಣ ಎತ್ತುತ್ತೆ. ಒಂದು ಹಲ್ಲು ಯಾವ ಲೆಕ್ಕ?"

ಹಗ್ಗದ ತುದಿಗೆ ದಾರ, ದಾರದ ತುದಿಗೆ ಹಲ್ಲು. ಗೋತಿಯೆ ರಾಟೆಯ ದೊಡ್ಡ ಚಕ್ರದೊಳಗೆ ಹತ್ತಿ ತುಳಿದ. ಹಲ್ಲು ಬರಲಿಲ್ಲ, ಮೇಸ್ತ್ರಿಯೇ ಮೇಲೆ ಹೋದ. ಎರಡಾಳೆತ್ತರಕ್ಕೆ ಹೋದಾಗ ಹಲ್ಲು ಬಂತು, ಅವನು ಮರಳ ರಾಶಿಗೆ ಬಿದ್ದು ಎಚ್ಚರ ತಪ್ಪಿದ.

ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು. ಕೆನ್ನೆಯೂ ಇಳಿದಿತ್ತು. ರೆನಿಯೆ ಎದ್ದೆನೋ ಬಿದ್ದೆನೋ ಎಂದು ಇಗರ್ಜಿಗೆ ಓಡಿದ.

ಕಲ್ಲು ಆಗಲೇ ಕಂಬದಲ್ಲಿತ್ತು. ಊದಿದ ಕೆನ್ನೆ, ಸೊಟ್ಟ ಬಾಯಿ, ಎಲ್ಲವೂ ಯಥಾವತ್ತು. ಅದರ ಮುಂದೆ ಅರ್ಧ ಊರು ಮೇಣದಬತ್ತಿ ಹಿಡಿದು ಸಾಲು ನಿಂತಿತ್ತು, ಎಲ್ಲರಿಗಿಂತ ಮುಂದೆ ಓಡೆಲಿನ್.

"ಏನಮ್ಮಾ ಇದು? ಅದು ನನ್ನ ಮುಖ!"

"ಶ್! ಹಲ್ಲುನೋವಿನ ಸಂತರು. ಅವರು ಕಂಬದಲ್ಲಿ ಕೂತ ಗಳಿಗೆಗೇ ನಿಮ್ಮ ಊತಾನ ತಮ್ಮ ಕೆನ್ನೆಗೆ ತಗೊಂಡ್ರಲ್ಲ! ಬೆಳಿಗ್ಗೆ ಎಷ್ಟಿತ್ತು, ಆಮೇಲೆ ನೀವು ಮರಳ ಮೇಲೆ ಬಿದ್ದಿದ್ದಾಗ ಹೇಗೆ ಇಳಿದಿತ್ತು, ಎರಡನ್ನೂ ನಾನೇ ಕಣ್ಣಾರೆ ಕಂಡಿದ್ದೀನಿ."

"ಹಲ್ಲು ಕಿತ್ತಿದ್ದಕ್ಕೆ ಇಳೀತು! ಗೋತಿಯೆನ ಕೇಳಿ!"

ಗೋತಿಯೆ ಆಗಲೇ ಮೊಣಕಾಲೂರಿದ್ದ. "ನಂದೇನಿದೆ ಮೇಸ್ತ್ರಿಗಳೇ? ನಾನು ಸುಮ್ನೆ ತುಳಿದೆ. ಕಿತ್ತೋರು ಅವರು."

ಅಷ್ಟರಲ್ಲಿ ಹಿರಿಯ ಪಾದ್ರಿ ಬಂದರು. ಮೂವತ್ತು ವರ್ಷದಲ್ಲಿ ಮೊದಲ ಬಾರಿ ಅವರ ಮುಖದಲ್ಲಿ ನಗು ಕಂಡಿತು.

"ರೆನಿಯೆ, ಈ ಮುಖದ ಕೆಳಗೆ ನಿನ್ನ ಹೆಸರನ್ನ ದೊಡ್ಡ ಅಕ್ಷರದಲ್ಲಿ ಕೆತ್ತಿಸ್ತೀನಿ."

ರೆನಿಯೆಯ ಕಣ್ಣು ತುಂಬಿ ಬಂತು. ಮುಖ ಸೊಟ್ಟಗಿದ್ದರೇನು, ಹೆಸರಾದರೂ ಉಳಿಯಿತಲ್ಲ. "ಏನಂತ ಕೆತ್ತಿಸ್ತೀರಿ, ಸ್ವಾಮಿ?"

"'ಈ ಸಂತರಿಂದ ಗುಣವಾದ ಮೊದಲ ರೋಗಿ' ಅಂತ. ನಾಳೆ ಬಿಷಪ್ ಮುಂದೆ ಸಾಕ್ಷಿ ಹೇಳೋಕೆ ಬಾ. ಆ ಕೆನ್ನೇನ ಚೆನ್ನಾಗಿ ಕ್ಷೌರ ಮಾಡಿಸ್ಕೊಂಡಿರು."